ಗುರುಬಸವರಾಜನ ಮೇಲೆ ಒಂದು ಸುತ್ತು

“ಹೆಸರು ಹಿಡಿದು ಕರೀರಿ ಅಕ್ಕಾರ. ಕರಿಯೋತನಕ ಅದು ಕಾಲು ಕಿತ್ತಿಡಂಗಿಲ್ಲ” ಎಂದ ಸವಾರಿ ಕಲಿಸುವ ಬೆನಕಪ್ಪ.

ಕುದುರೆಯ ಮೇಲೆ ಕಚ್ಚೆ ಬಿಗಿದು ಕೂತಿದ್ದ ದಾಕ್ಷಾಯಣಮ್ಮ ಬಾಯಿ ತೆರೆದಳು, ಮುಚ್ಚಿದಳು. ಕರೆಯುವುದಾದರೂ ಹೇಗೆ? ಕುದುರೆಯ ಹೆಸರು ಗುರುಬಸವರಾಜ. ಮೈದಾನದ ಬೇಲಿಯಾಚೆ ಛತ್ರಿ ಹಿಡಿದು ನಿಂತಿದ್ದ ಅವಳ ಗಂಡನ ಹೆಸರೂ ಗುರುಬಸವರಾಜ! ಇಷ್ಟು ವರ್ಷದ ಸಂಸಾರದಲ್ಲಿ ‘ಏನ್ರಿ’, ‘ಇಲ್ನೋಡ್ರಿ’ ಬಿಟ್ಟರೆ ಮೂರನೆಯ ಮಾತಿನಿಂದ ಅವಳು ಅವನನ್ನು ಕರೆದದ್ದಿಲ್ಲ. ರೇಷನ್ ಕಾರ್ಡಿನವರು ಬಂದು ಯಜಮಾನರ ಹೆಸರು ಕೇಳಿದಾಗಲೂ ಪಕ್ಕದ ಮನೆಯವಳ ಕೈಲಿ ಹೇಳಿಸಿದ ಹೆಣ್ಣುಮಗಳು ಅವಳು.

ತಪ್ಪು ಯಾರದೂ ಅಲ್ಲ ಬಿಡಿ, ನಮ್ಮ ಕಡೆಯ ದಾನಿಗಳ ಚಟದ್ದು. ಫ್ಯಾನು ಕೊಟ್ಟರೆ ಫ್ಯಾನಿನ ರೆಕ್ಕೆಯ ಮೇಲೆ ಹೆಸರು, ಬೆಂಚು ಕೊಟ್ಟರೆ ಬೆಂಚಿನ ಬೆನ್ನಿಗೆ ಹೆಸರು. ಹಗರಿಬೊಮ್ಮನಹಳ್ಳಿಯ ಈ ಶಾಲೆಯಲ್ಲಿ ಸವಾರಿ ಪಾಠ ಶುರುವಾದಾಗ ಕುದುರೆಯ ಮೇಲೆ ಎಲ್ಲಿ ಅಂತ ಬರೆಸುತ್ತಾರೆ? ಕೊಟ್ಟವರ ಹೆಸರನ್ನೇ ಅದಕ್ಕೆ ಇಟ್ಟುಬಿಟ್ಟರು. ಮೊದಲು ಬಂದದ್ದು ಗಾದಿಲಿಂಗಪ್ಪ. ಮಹಾ ಸೋಮಾರಿ, ಬೆನ್ನ ಮೇಲೆ ಮಕ್ಕಳನ್ನು ಕೂರಿಸಿಕೊಂಡೇ ನಿದ್ದೆ ಹೊಡೆಯುತ್ತಿತ್ತು. ಆಮೇಲೆ ಬಂದ ಪಾಲಯ್ಯ ಕಚ್ಚದ ಮೇಷ್ಟ್ರೇ ಉಳಿಯಲಿಲ್ಲ. ಅದು ಸತ್ತ ದಿನ ‘ಪಾಲಯ್ಯ ಹೋಗಿಬಿಟ್ಟ’ ಎಂಬ ಸುದ್ದಿ ಎಸ್‌ಟಿಡಿ ಬೂತಿನಿಂದ ಹರಪನಹಳ್ಳಿ ಮುಟ್ಟಿತು. ಬೀಗರು ಹಾರ ಹಿಡಿದು ಅಳುತ್ತಾ ಬಂದರೆ, ಖುದ್ದು ಪಾಲಯ್ಯನೇ ಬಾಯಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡು ಬಾಗಿಲು ತೆಗೆದ! ಈಗ ಇರುವುದು ಎರಡೇ. ಕಾಲು ಉಳುಕಿಸಿಕೊಂಡು ಲಾಯದಲ್ಲಿ ನಿಂತ ಅನ್ನದಾನಮ್ಮ, ಮತ್ತೆ ಈ ಗುರುಬಸವರಾಜ.

ಕೊಟ್ಟೂರಿನಲ್ಲಿ ಎಣ್ಣೆ ಮಿಲ್ಲು ನಡೆಸುವ ಗಂಡ ಶಾಲೆಗೆ ನೀರಿನ ಟ್ಯಾಂಕು ಕೊಡುವವನಿದ್ದ. “ಕೊಡೋದಾದ್ರ ಕುದುರಿ ಕೊಡ್ರಿ” ಎಂದು ಹಟ ಹಿಡಿದವಳು ದಾಕ್ಷಾಯಣಮ್ಮನೇ. ಹಿರೇಹಡಗಲಿಯ ತವರಲ್ಲಿ ಅಪ್ಪನದೊಂದು ಬಿಳಿ ಕುದುರೆ ಇತ್ತು. ಅದಕ್ಕೆ ಹುರುಳಿ ನೆನೆಸಿದ್ದು ಇವಳು, ಏರಿ ಮೆರೆದದ್ದು ಅಣ್ಣಂದಿರು. ಐವತ್ತು ದಾಟಿದರೂ ಆ ಆಸೆ ಎದೆಯಲ್ಲಿ ಹಾಗೇ ಇತ್ತು. ಗಂಡ ಅದಕ್ಕೊಂದು ಷರತ್ತು ಹಾಕಿದ್ದ: “ಯಾರ ಆಸರೀನೂ ಇಲ್ದ ಒಂದು ಸುತ್ತು ಮುಗಿಸು, ರವಿವಾರಕ್ಕೊಮ್ಮಿ ನಾನ ಪಾಠಕ್ಕ ಕರ್ಕೊಂಡು ಬರ್ತೀನಿ. ಮುಗೀಲಿಲ್ಲ ಅಂದ್ರ ಮತ್ತ ಕುದುರಿ ಮಾತು ಎತ್ತಬಾರ್ದು ನೋಡು.”

“ನೀನ ಕರಿಯಪ್ಪ, ಬೆನಕಪ್ಪ” ಎಂದು ಅವಳು ಅಂಗಲಾಚಿದಳು.

“ನಾ ಕರದ್ರ ಅದು ನನ್ನ ಸವಾರಿ ಆಕೈತ್ರಿ. ಮೂಲಿಗೊಂದು ಬಾವುಟ ಐತಿ, ಅಲ್ಲಿ ನಿಂದರತೈತಿ. ಮ್ಯಾಲ ಕುಂತವರು ಹೆಸರು ಹಿಡಿದ್ರ ಮುಂದ ಹೋಕೈತಿ. ಮಕ್ಕಳಿಗೂ ಇದ ಪಾಠ.”

ಬೇಲಿಯಾಚೆ ಗಂಡ ಕಿಸಕ್ಕನೆ ನಕ್ಕ. “ಇಳಿ ಇಳಿ, ಮನಿಗಿ ಹೋಗೋಣು.”

ಆ ನಗೆಗೆ ಅವಳ ಮೈಯೆಲ್ಲ ಉರಿದುಹೋಯಿತು. ಉರಿಯಲ್ಲೇ ಹೊಳೆಯಿತು. ಗಂಡನ ಹೆಸರನ್ನು ಬರಿದೇ ಹೇಳಬಾರದು, ಸರಿ. ಪ್ರಾಸ ಕೂಡಿಸಿ ಒಡಪು ಕಟ್ಟಿ ಹೇಳಿದರೆ? ಮದುವೆ ಮನೆಯ ಹೊಸ್ತಿಲಲ್ಲಿ ಹೆಣ್ಣುಮಕ್ಕಳೆಲ್ಲ ಹೇಳುತ್ತಾರಲ್ಲ, ಯಾರು ಬೇಡ ಅಂದಾರು? ಗಂಟಲು ಸರಿಮಾಡಿಕೊಂಡು ರಾಗ ಎಳೆದಳು:

“ಹಡಗಲಿ ಮಲ್ಲಿಗಿ ಮುಡಿಯಾಕ ಚಂದ, ಗುರುಬಸವರಾಜರು ನಮ್ಮ ಮನಿಗೆ ಅಂದ!”

ಹೆಸರು ಕಿವಿಗೆ ಬಿದ್ದದ್ದೇ ತಡ, ಕುದುರೆ ಹೊರಟಿತು. ಅಯ್ಯೋ ನಮ್ಮವ್ವಾ, ಏನು ಎತ್ತರ, ಏನು ಹಿತ! ಶಾಲೆಯ ಹೆಂಚಿನ ಸಾಲು, ಹುಣಸೆ ಮರದ ನೆತ್ತಿ, ಅದರಾಚೆ ಕೂಡ್ಲಿಗಿ ಕಡೆ ಹೋಗುವ ಬಸ್ಸು, ಎಲ್ಲ ಕಂಡವು. ಅಣ್ಣಂದಿರು ಇಷ್ಟು ಸುಖವನ್ನು ತಾವೇ ತಿಂದು ತೇಗಿದರಲ್ಲ ಎಂದು ಹೊಟ್ಟೆ ಉರಿಯಿತು, ಬೆನ್ನಿಗೇ ನಗುವೂ ಬಂತು.

ಎರಡನೆಯ ಬಾವುಟಕ್ಕೆ ಕುದುರೆ ನಿಂತಿತು. “ಶೇಂಗಾದ ಹಿಂಡಿ, ಕೆನಿಮೊಸರಿನ ಗಿಂಡಿ, ಗುರುಬಸವರಾಜರು ಎಳೀತಾರ ಸಂಸಾರದ ಬಂಡಿ!” ಕುದುರೆ ನಡೆಯಿತು. ಮೂರನೆಯದರ ಹೊತ್ತಿಗೆ ಕಲಿತ ಒಡಪು ಮುಗಿದಿದ್ದವು. ಬಾಯಿಗೆ ಬಂದದ್ದನ್ನೇ ಕಟ್ಟಿದಳು: “ಕುದುರಿ ಮ್ಯಾಲ ಕುಂತೀನಿ, ಸೊಂಟ ಹಿಡದೈತಿ, ಗುರುಬಸವರಾಜರ ಮೀಸಿ ಬಣ್ಣ ಬಿಟ್ಟೈತಿ!”

ಬೆನಕಪ್ಪ ರುಮಾಲಿನಿಂದ ಬಾಯಿ ಮುಚ್ಚಿಕೊಂಡು ಅತ್ತ ತಿರುಗಿದ. ಗಂಡನ ಕೈ ತಾನಾಗಿ ಮೀಸೆಗೆ ಹೋಯಿತು.

ನಾಲ್ಕನೆಯ ಬಾವುಟ ಗಂಡ ನಿಂತಲ್ಲಿಂದ ನಾಲ್ಕು ಮಾರು ದೂರವೂ ಇರಲಿಲ್ಲ. ಅಲ್ಲಿಂದ ನೇರ ನಡೆದರೆ ಸುತ್ತು ಮುಗಿಯಿತು. ದಾಕ್ಷಾಯಣಮ್ಮ ತಡಕಾಡಿದಳು. ಮಲ್ಲಿಗೆ ಆಯಿತು, ಹಿಂಡಿ ಆಯಿತು, ಮೀಸೆಯೂ ಆಯಿತು. ಪ್ರಾಸ ಒಂದೂ ನಾಲಗೆಗೆ ಬರಲೊಲ್ಲದು. ಕುದುರೆ ಕಿವಿ ಅಲ್ಲಾಡಿಸಿ ಕಾಯುತ್ತಿತ್ತು.

“ಯಾಕ, ಸರಕು ಮುಗೀತೇನು?” ಎಂದ ಗಂಡ, ಛತ್ರಿ ಮಡಚುತ್ತಾ. “ಸಾಕು ಇಳಿ ಇನ್ನ. ಇಲ್ಲೀತನ ಬಂದೆಲ್ಲ, ಅದ ದೊಡ್ಡದು.”

ಇಲ್ಲಿಯತನಕ ಬಂದು ಇಳಿಯುವುದೇ? ಯಾವ ಪುರುಷಾರ್ಥಕ್ಕೆ? ದಾಕ್ಷಾಯಣಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು, ಬೆನ್ನು ನೆಟ್ಟಗೆ ಮಾಡಿದಳು, ಇಡೀ ಮೈದಾನಕ್ಕೆ ಕೇಳುವಂತೆ ದನಿ ಎತ್ತಿದಳು:

“ಲೇ ಗುರುಬಸವರಾಜ, ನಡಿ ಮುಂದಕ!”

ಕುದುರೆ ಒಂದು ಹೆಜ್ಜೆ ಮುಂದಿಟ್ಟಿತು. ಬೇಲಿಯಾಚೆ ಅವಳ ಗಂಡನೂ ಇಟ್ಟ.