ಹಿಡಿಯ ಉದ್ದ

ಮೆಕ್ಕೆಜೋಳದ ಕೂಳೆಯಿಂದ ಫೆಸೆಂಟ್ ಎಂಬ ಕಾಡುಕೋಳಿಯ ಹುಂಜವೊಂದು ಪಟಪಟನೆ ಮೇಲೆದ್ದಿತು. ಮಾರಿಟ್ ಬಂದೂಕನ್ನು ಹೆಗಲಿಗೆ ಏರಿಸುವಾಗ ಅದರ ಮರದ ಹಿಡಿ ಕಂಕುಳ ಬಳಿ ಕೋಟಿಗೆ ಸಿಕ್ಕಿಕೊಂಡಿತು. ಗುಂಡು ಹಾರುವಷ್ಟರಲ್ಲಿ ಹಕ್ಕಿ ಬೇಲಿ ದಾಟಿತ್ತು.

“ನಿನ್ನ ನೋಡಿ ನಗ್ತಾ ಹೋಯ್ತು ನೋಡು,” ಎಂದರು ಮಾವ ಆರಿನ್. “ನಳಿಕೆ ನೋಡ್ಬೇಡ ಮಗಳೇ, ಹಕ್ಕಿ ತಲೆ ನೋಡು. ಕಣ್ಣು ಹೋದ ಕಡೆ ಬಂದೂಕು ತಾನೇ ಹೋಗುತ್ತೆ. ಹೊಡೆದ್ಮೇಲೂ ಕೈ ನಿಲ್ಲಿಸ್ಬೇಡ.”

“ಸಿಕ್ಕಾಕೊಳ್ತು ಮಾವ.”

ಬಂದೂಕು ಅವಳ ಗಂಡ, ಆರಿನ್ ಅವರ ಮಗ ಲೈಲ್‌ನದು. ಅವನು ಮಾರ್ಚಿನಲ್ಲಿ ತೀರಿಕೊಂಡಿದ್ದ. ಈ ಸಲದ ಬೇಟೆಯಲ್ಲಿ ಅವನು ನಡೆಯುತ್ತಿದ್ದ ಸಾಲಿನಲ್ಲಿ ಅವಳು ನಡೆಯುತ್ತಿದ್ದಳು. ಆರಿನ್ ತೋಟಾ ತೆಗೆದು, ಹಿಡಿಯ ತುದಿಯನ್ನು ಅವಳ ಮೊಣಕೈ ಮಡಿಕೆಗೆ ಒತ್ತಿ ಅಳತೆ ನೋಡಿದರು. ಅವಳ ಬೆರಳು ಟ್ರಿಗರ್ ಮುಟ್ಟಲಿಲ್ಲ.

“ಅವನ ತೋಳಿಗೆ ಮಾಡ್ಸಿದ್ದು ಇದು. ಒಂದಿಂಚು ಕೊಯ್ದ್ರೆ ನಿಂಗೆ ಸರಿಹೋಗುತ್ತೆ. ಸಂಜೆ ಗರಗಸ ತೆಗೀತೀನಿ.”

ಮಾರಿಟ್ ಬಂದೂಕನ್ನು ಎದೆಗೆ ಎಳೆದುಕೊಂಡಳು. “ಬೇಡ ಮಾವ. ಆಮೇಲೆ ಲೈಲ್‌ಗೆ ಗಿಡ್ಡ ಆಗುತ್ತೆ.”

ಏನು ಹೇಳಿದೆನೆಂಬುದು ಅವಳಿಗೆ ಆಮೇಲೆ ಕೇಳಿಸಿತು. ಆರಿನ್ ತೋಟಾವನ್ನು ಜೇಬಿಗೆ ಹಾಕಿಕೊಂಡು ಬೇಲಿಯ ಕಡೆ ನೋಡುತ್ತ ನಿಂತರು.

“ಹೌದಲ್ವಾ,” ಎಂದರು. “ಅವನಿಗೆ ಗಿಡ್ಡ ಆಗುತ್ತೆ.”