ಬ್ಯಾಕಪ್ಪಿಗೆ ಬಂದ ಹಾಡು

“ಈ ಮೂರು ಬ್ಯಾಕಪ್ಪಿನ್ಯಾಗ ಇದನ್ನ ಹಾಕ್ಕೊಳ್ರಿ ಮಾಸ್ತರ್ರ. ನಿಮ್ಮ ಹಾಡಿನ ನಕಲು ನನ್ನ ಕಂಪ್ಯೂಟರಿನ್ಯಾಗ, ನನ್ನ ಹಾಡಿನ ನಕಲು ನಿಮ್ಮದ್ರಾಗ. ಒಬ್ರದು ಕೆಟ್ರ ಇನ್ನೊಬ್ರ ಕಡಿಂದ ತೊಗೊಂಡ್ರಾತು,” ಎಂದು, ತಾನೂ ಹಾಡು ಕೂಡಿಸುವ ಹುಚ್ಚಿನ ಸುರಪುರದ ಬಟ್ಟೆ ವ್ಯಾಪಾರಿ ಜಗದೇವಪ್ಪ ಪರದೆಯ ಮೇಲೆ ಬೆರಳಿಟ್ಟು ತೋರಿಸಿದ. ಶಹಾಪುರದ ನಿವೃತ್ತ ಹೆಡ್‌ಮಾಸ್ತರ ಮಲ್ಕಪ್ಪನವರು ಹದಿನೈದು ದಿನ ತಲೆ ಕೆಡಿಸಿಕೊಂಡು ಮಾಡಿದ್ದ ತೀರ್ಮಾನ ಒಂದೇ ಮಾತಿಗೆ ತಲೆಕೆಳಗಾಯಿತು.

ಹೋದ ತಿಂಗಳು ಕಂಪ್ಯೂಟರು ಎರಡು ದಿನ ಉಸಿರೆತ್ತದೆ ಕುಳಿತಾಗಿನಿಂದ ಮಾಸ್ತರರು ಬ್ಯಾಕಪ್ ಸಾಫ್ಟ್‌ವೇರಿನ ಬೆನ್ನು ಹತ್ತಿದ್ದರು. ಇಪ್ಪತ್ತು ವರ್ಷ ಊರೂರು ತಿರುಗಿ, ಮುದುಕಿಯರ ಮುಂದೆ ಕೂತು ರೆಕಾರ್ಡ್ ಮಾಡಿಕೊಂಡ ಹಾಡುಗಳೆಲ್ಲ ಅದರೊಳಗೇ ಇದ್ದವು. ನೋಟ್‌ಬುಕ್ಕಿನಲ್ಲಿ ಮೂರರ ಗುಣದೋಷ ಬರೆದರು. ಒಂದು, ಬೇರೆ ಡಿಸ್ಕಿಗೆ ನಕಲು ಮಾಡುವಂಥದ್ದು. ಡಿಸ್ಕನ್ನು ತಂದೂ ಆಗಿತ್ತು. ಇನ್ನೊಂದು, ತಿಂಗಳ ಬಾಡಿಗೆಗೆ ಎಲ್ಲೋ ದೂರದಲ್ಲಿ ಇಡುವಂಥದ್ದು. ಮೂರನೆಯದು ಇಬ್ಬರು ಸೇರಿ ಮಾಡಿಕೊಳ್ಳುವಂಥದ್ದು. ಅದರ ಮುಂದೆ ‘ನಂಬಿಕಸ್ಥರು ಬೇಕು’ ಎಂದು ಬರೆದು ಅಡ್ಡಗೆರೆ ಎಳೆದಿದ್ದರು. ಈಗ ಅದನ್ನೇ ಹಾಕಿಸಿಕೊಂಡರು. ಜಗದೇವಪ್ಪನ ಮೇಲೆ ನಂಬಿಕೆ ಹುಟ್ಟಿತು ಎಂದು ತಿಳಿಯಬೇಡಿ, ಹುಟ್ಟಿದ್ದು ಆಸೆ.

ಕಾರಣ ಒಂದು ಹಾಡು. ಉಣ್ಣೆ ನೂಲುವಾಗ ಹೆಂಗಸರು ಹೇಳುವ ಹಾಡು. ಹೋದ ವರ್ಷ ಕಲಬುರಗಿಯ ಒಂದು ಸಭೆಯಲ್ಲಿ ಜಗದೇವಪ್ಪ ಅದರ ನಾಲ್ಕು ನುಡಿ ಕೇಳಿಸಿದ್ದೇ ತಡ, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಶಾಲು ಹೊದಿಸಿದರು. ಮೂಲೆಯ ಕುರ್ಚಿಯಲ್ಲಿದ್ದ ಮಲ್ಕಪ್ಪನವರಿಗೆ ಆ ಗದ್ದಲದಲ್ಲಿ ಹಾಡು ನೆಟ್ಟಗೆ ಕೇಳಿಸಲೂ ಇಲ್ಲ. ಹೊಟ್ಟೆಯೊಳಗೆ ಕಿಚ್ಚು ಮಾತ್ರ ಚೆನ್ನಾಗಿ ಹತ್ತಿಕೊಂಡಿತು. ತಾವು ಹುಟ್ಟಿದ್ದು ಕುರುಬರ ಮನೆಯಲ್ಲಿ, ಅಜ್ಜ ಮುತ್ತಜ್ಜರೆಲ್ಲ ಕಂಬಳಿ ನೇಯ್ದವರು. ಕಂಬಳಿಯವರ ಹಾಡು ಬಟ್ಟೆ ಅಂಗಡಿಯವನ ಪಾಲಾಯಿತಲ್ಲ. ಹಾಡಿದವರು ಯಾರೆಂದು ಕೇಳಿದರೆ ಅವನದು ಒಂದೇ ಉತ್ತರ: “ಹೆಸರು ಹೇಳಬ್ಯಾಡ ಅಂದಾಳ್ರಿ ಅಜ್ಜಿ.” ಇದು ವ್ಯಾಪಾರದ ಗುಟ್ಟು ಎಂದುಕೊಂಡ ಮಾಸ್ತರರು ದೇವಾಪುರ, ಹತ್ತಿಕುಣಿ ಎಂದು ಬಿಸಿಲಲ್ಲಿ ಅಲೆದು ಕಂಡ ಕಂಡ ಮುದುಕಿಯರನ್ನೆಲ್ಲ ಕಾಡಿದ್ದರು.

ಸಾಫ್ಟ್‌ವೇರು ಕೊನೆಗೊಂದು ಪ್ರಶ್ನೆ ಕೇಳಿತು: ನಿಮ್ಮ ನಕಲಿಗೆ ಕೀಲಿ ಹಾಕಬೇಕೆ? ಮಾಸ್ತರರು ಮೈಯಡ್ಡ ಮಾಡಿ, ಎಂಟಕ್ಷರದ ಪಾಸ್‌ವರ್ಡ್ ಒತ್ತಿ ಭದ್ರ ಮಾಡಿಕೊಂಡರು. “ನೀವು?” ಎಂದರು.

“ನನಗ್ಯಾಕ್ರಿ ಕೀಲಿ. ನಿಮ್ಮಂಥೋರು ಕೇಳ್ಲಿ ಅಂತನ ಅಲ್ಲೇನ್ರಿ ಇದೆಲ್ಲ ಕೂಡ್ಸಿ ಇಟ್ಟದ್ದು?” ಎಂದ ಜಗದೇವಪ್ಪ. ಮಾಸ್ತರರಿಗೆ ಒಂದು ಗಳಿಗೆ ನಾಚಿಕೆಯಾಯಿತು. ಅದರ ಹಿಂದೆಯೇ ಸಂತೋಷವೂ ಬಂತು, ಅದರ ಅಳತೆ ದೊಡ್ಡದಿತ್ತು.

ನಕಲೆಲ್ಲ ಬಂದು ಮುಟ್ಟಲು ಮೂರು ದಿನ ಹಿಡಿಯಿತು. ನಾಲ್ಕನೆಯ ದಿನ ಮುಂಜಾನೆ ಚಹಾ ಕುಡಿಯುವ ಮೊದಲೇ ಮಾಸ್ತರರು ಜಗದೇವಪ್ಪನ ಗಂಟು ಬಿಚ್ಚಿದರು. ‘ಕೊಂಕಲ್ – ಉಣ್ಣೆ ನೂಲುವ ಅಜ್ಜಿ’ ಎಂದಿತ್ತು. ಕೊಂಕಲ್ಲಿಗೆ ಮಾತ್ರ ಅವರು ಹಾಡು ಹುಡುಕಿ ಹೋಗಿರಲಿಲ್ಲ. ಅಲ್ಲಿ ತಂಗಿಯ ಮನೆ, ಅವ್ವ ಇದ್ದದ್ದೂ ಅಲ್ಲೇ. ಹೋದಾಗೆಲ್ಲ ತಂಗಿಯ ಕೈಗೆ ಬಾಳೆಹಣ್ಣು, ಅವ್ವನ ಕೈಗೆ ಬಿ.ಪಿ. ಮಾತ್ರೆ ಕೊಟ್ಟು, ಮುಂದಿನ ಊರಿಗೆ ತಡವಾಯಿತೆಂದು ಹೊರಟುಬಿಡುತ್ತಿದ್ದರು.

ರಾಟಿಯ ಕಿರ್ ಸದ್ದು, ಹಿಂದೆಯೇ ದನಿ. ಎರಡನೆಯ ನುಡಿಯ ನಡುವೆ ಹಾಡು ನಿಲ್ಲಿಸಿ, “ಏ, ಬಿಡ ಅದನ್ನ,” ಎಂದು ಆಡಿನ ಮರಿಯನ್ನು ಗದರಿ, ಬಿಟ್ಟಲ್ಲಿಂದಲೇ ಹಾಡು ಎತ್ತಿಕೊಂಡಳು. ಮಾಸ್ತರರ ಕೈ ಮೌಸಿನ ಮೇಲೆ ಹಾಗೆಯೇ ನಿಂತಿತು. ಅಯ್ಯಮ್ಮ. ಅವ್ವ. ತೀರಿಕೊಂಡು ಎಂಟು ತಿಂಗಳಾಗಿತ್ತು. ಅರವತ್ತು ಊರಿನ ಮುದುಕಿಯರ ದನಿ ತುಂಬಿದ್ದ ಆ ಮನೆಯಲ್ಲಿ ಅವಳದೊಂದು ಕೆಮ್ಮು ಕೂಡ ಇರಲಿಲ್ಲ.

ಹಾಡು ಮುಗಿದ ಮೇಲೆ ಜಗದೇವಪ್ಪನ ದನಿ: “ಇಷ್ಟು ಚಂದ ಹಾಡ್ತಿ ಅವ್ವಾ. ಮನ್ಯಾಗ ಯಾರೂ ಬರಕೊಂಡಿಲ್ಲೇನು?”

“ನನ್ನ ಮಗಾನೂ ಹಿಂಗ ಹಾಡು ತುಂಬೋ ಪೆಟಗಿ ಹಿಡಕೊಂಡು ತಿರುಗ್ತಾನಪ್ಪಾ. ನನ್ನ ಕೇಳಿಲ್ಲ. ನಾನೂ ಹೇಳಿಲ್ಲ, ಅಂವಗ ವ್ಯಾಳ್ಯಾ ಇರಂಗಿಲ್ಲ.”

“ಯಾರವ್ವಾ ನಿನ್ನ ಮಗ?”

“ಬ್ಯಾಡ ಬಿಡು. ಅವ್ವನ ಹಾಡು ಬಿಟ್ಟು ಊರ ಹಾಡು ಬರಕೋತಾನ ಅಂತ ಮಂದಿ ನಗ್ತಾರ. ನನ್ನ ಹೆಸರೂ ಹಾಕಬ್ಯಾಡ ನೀ. ಅಂವ ಯಾರ ಮನ್ಯಾಗ ಉಂಡನೋ ಏನೋ ಇವತ್ತ. ನೀ ಏಳು, ರೊಟ್ಟಿ ಬಿಸಿ ಅವ.” ತಾಟು ಇಟ್ಟ ಸದ್ದು. ಜಗದೇವಪ್ಪ ಉಣ್ಣುತ್ತಿದ್ದ. ಇನ್ನೊಂದು ಹಾಕಲೇನು ಮಗಾ, ಎಂದು ಅವಳು ಕೇಳುತ್ತಿದ್ದಳು.

ಹೋದ ವರ್ಷ ಹತ್ತಿದ್ದ ಕಿಚ್ಚು ಏನೂ ಅಲ್ಲ ಅನ್ನಿಸುವಷ್ಟು ಮಾಸ್ತರರ ಒಡಲು ಉರಿಯಿತು. ಶಾಲು ಹೋದರೆ ಹೋಗಲಿ, ಆ ರೊಟ್ಟಿ ತಮ್ಮದಾಗಿತ್ತು. ಇನ್ನೊಮ್ಮೆ ಕೇಳಬೇಕೆಂದು ಒತ್ತಲು ಹೋದರು. ಕಣ್ಣು ಮಂಜಾಗಿತ್ತು, ಏನು ಒತ್ತಿದರೋ, ಪರದೆಯ ಮೇಲಿನ ಅಜ್ಜಿ ಮಾಯವಾದಳು. ಮೇಲೆ ಕೆಳಗೆ ಹುಡುಕಿದರು, ಇಲ್ಲ. ಜಗದೇವಪ್ಪನಿಗೆ ಫೋನು ಹಚ್ಚಿದರು.

“ಸಾವಕಾರ್ರ, ಆ ಕೊಂಕಲ್ ಅಜ್ಜಿದು... ನನ್ನ ಕೈಲೆ ಅಳಿಸಿ ಹೋತ್ರಿ.”

ಆ ಕಡೆ ಜಗದೇವಪ್ಪ ಸಮಾಧಾನ ಹೇಳಿದ. “ಅಷ್ಟ್ಯಾಕ ಗಾಬರಿ ಆಗ್ತೀರಿ ಮಾಸ್ತರ್ರ? ನಿಮ್ಮ ಮನ್ಯಾಗ ಇದ್ದದ್ದು ಬರೇ ನಕಲು. ಅಸಲಿ ಅಜ್ಜಿ ನನ್ನ ಕಡಿ ಅದಾಳ.”