ನೀತಿಶಾಸ್ತ್ರದ ಚೀಟಿ

ಕಾಪಿ, ಅದೂ ನೀತಿಶಾಸ್ತ್ರದ ಪರೀಕ್ಷೆಯಲ್ಲಿ! ಇಪ್ಪತ್ತೆರಡು ವರ್ಷ ಅದೇ ಪಾಠ ಹೇಳಿದ್ದ ಪುಟ್ಟಬಸವಯ್ಯ ಮೇಷ್ಟ್ರಿಗೆ ಮೈಯೆಲ್ಲ ಉರಿದುಹೋಯಿತು. ಹುಡುಗಿಯ ಕೈಯಿಂದ ಚೀಟಿ ಕಿತ್ತುಕೊಂಡರು.

"ಏಳಮ್ಮ ಮೇಲೆ. ಡಿಬಾರ್ ಮಾಡೋದು ನನ್ನ ಕರ್ತವ್ಯ."

"ಕರ್ತವ್ಯ ಅಂದ್ರೆ ಕಾಂಟ್ ಅಲ್ವಾ ಸರ್? ಹೆಚ್ಚು ಜನಕ್ಕೆ ಸುಖ ಆಗೋದೇ ಸರಿ ಅನ್ನೋ ಮಿಲ್ ಆಗಿದ್ರೆ ಬಿಟ್ಟುಬಿಡ್ತಿದ್ದ. ನಾನು ಪಾಸಾದ್ರೆ ನಮ್ಮನೇಲಿ ಒಂಬತ್ತು ಜನಕ್ಕೆ ಖುಷಿ. ಬೇಜಾರು ನಿಮಗೊಬ್ಬರಿಗೇ."

ಮೇಷ್ಟ್ರಿಗೆ ನಗು ಉಕ್ಕಿ ಬಂತು. ಇಷ್ಟು ವರ್ಷದಲ್ಲಿ ಪಾಠ ಕೇಳಿ ತಿರುಗಿ ವಾದ ಹೂಡಿದವಳು ಇವಳೊಬ್ಬಳೇ. ಕುಣಿಯೋಣ ಅನ್ನಿಸಿತು, ಆದರೂ ಹುಬ್ಬು ಗಂಟಿಕ್ಕಿಕೊಂಡೇ ನಿಂತರು.

"ಇಷ್ಟು ಗೊತ್ತಿದ್ದೂ ಚೀಟಿ ಯಾಕೆ ತಂದೆ?"

"ಉಳಿದಿಬ್ಬರು ತತ್ತ್ವಜ್ಞಾನಿಗಳು ತಲೆಗೆ ಹತ್ತಲೇ ಇಲ್ಲ ಸರ್."

"ನಿಯಮ ಅಂದ್ರೆ ನಿಯಮ," ಎಂದು ಮೇಷ್ಟ್ರು ಡಿಬಾರ್ ಫಾರಂ ತೆಗೆದರು. ಚೀಟಿಯಲ್ಲಿ ಏನಿದೆ ಎಂದು ಅದರಲ್ಲಿ ಬರೆಯಬೇಕಿತ್ತು. ಬಿಡಿಸಿ ಓದಿದರು: 'ಸುಖವೇ ಬಾಳಿನ ಗುರಿ: ಅರಿಸ್ಟಾಟಲ್. ಎರಡು ಅತಿಗಳ ನಡುವಿನ ಹದವೇ ಸದ್ಗುಣ: ಎಪಿಕ್ಯೂರಸ್.'

"ಅಯ್ಯೋ, ಇಬ್ಬರನ್ನೂ ಅದಲುಬದಲು ಮಾಡಿದೀಯಲ್ಲೇ!"

ಮೇಷ್ಟ್ರು ಜೇಬಿನಿಂದ ಕೆಂಪು ಪೆನ್ನು ತೆಗೆದು, ಎರಡೂ ಹೆಸರನ್ನು ತಿದ್ದಿ, ಚೀಟಿಯನ್ನು ಅವಳ ಕೈಗೇ ವಾಪಸ್ ಕೊಟ್ಟರು.